ಭೂಮಿಯ ಎಳೆತ ನೋಡುತ್ತಿದ್ದ ಪುಟ್ಟಸ್ವಾಮಿ ಮೇಷ್ಟ್ರು

ಪುಟ್ಟಸ್ವಾಮಿ ಮೇಷ್ಟ್ರು ಯಾವ ಊರಿನಲ್ಲಿ ಬಸ್ಸಿಳಿದರೂ ಮೊದಲು ಮೊಬೈಲು ತೆಗೆದು, ಅಲ್ಲಿ ಭೂಮಿ ನಮ್ಮನ್ನು ಎಷ್ಟು ಜೋರಾಗಿ ಎಳೆಯುತ್ತದೆ ಎಂದು ನೋಡುತ್ತಿದ್ದರು. ಅಕ್ಷಾಂಶ, ಎತ್ತರ ಕೊಟ್ಟರೆ ಗುರುತ್ವ ಹೇಳುವ ಏಳೇ ಸಾಲಿನ ಪ್ರೋಗ್ರಾಮು, ಅವರೇ ಬರೆದದ್ದು. “ಘಾಟಿ ಇಳಿದ್ರೆ ನಾನು ಒಂದು ಕೂದಲಷ್ಟು ಭಾರ ಕಣ್ರೀ,” ಎಂದು ಕಂಡಕ್ಟರಿಗೂ ಹೇಳುವರು.

ಸಕಲೇಶಪುರದ ಕಾಲೇಜಿನಲ್ಲಿ ಅವರು ನಮಗೆ ಭೌತಶಾಸ್ತ್ರ ಕಲಿಸುತ್ತಿದ್ದರು. ಆ ಪ್ರೋಗ್ರಾಮನ್ನು ನಾನೂ ಬರೆದು ತೋರಿಸಿದಾಗ ಉತ್ತರ 9.784 ಬಂತು. ಬರಬೇಕಾದದ್ದು 9.780. ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಲು ಮರೆತಿದ್ದೆ. ಇಷ್ಟೇ ತಾನೇ ಎಂದು ನಕ್ಕೆ. ಅವರು ನಗಲಿಲ್ಲ.

“ತಪ್ಪು ತಪ್ಪಿನ ಹಂಗೇ ಕಂಡ್ರೆ ಭಯ ಇಲ್ಲ ಕಣಮ್ಮ. ಸರಿಯಾಗೈತೆ ಅನ್ನೋ ಹಂಗೆ ಕೂತಿರ್ತದಲ್ಲ, ಅದು ಕೊಲ್ತದೆ.”

ಆ ಮಳೆಗಾಲ ಅವರು ದೋಣಿಗಲ್ ಬಳಿಯ ಎಸ್ಟೇಟಿಗೆ ಬಂದರು. ಅಪ್ಪ ಅಲ್ಲಿ ಲೆಕ್ಕ ಬರೆಯುವ ರೈಟರ್. ಇಳಿಜಾರಿನಲ್ಲಿದ್ದ ಆಳುಗಳ ಸಾಲುಮನೆಗಳ ಲೈನಿನಲ್ಲಿ ಖಾಲಿಯಿದ್ದ ಮನೆಯ ತೊಲೆಗೆ ದಾರ ಕಟ್ಟಿ, ಕಬ್ಬಿಣದ ಗುಂಡು ತೂಗಿಸಿ, ಅದರ ಲೆಕ್ಕವನ್ನು ಪ್ರೋಗ್ರಾಮಿನ ಉತ್ತರಕ್ಕೆ ಹೋಲಿಸಿದೆವು. ಗುಂಡು ನಿಂತ ಜಾಗದ ಕೆಳಗೆ ನಾನೇ ಸೀಮೆಸುಣ್ಣದ ಚುಕ್ಕೆ ಇಟ್ಟೆ.

ಮರುದಿನ ಬೆಳಿಗ್ಗೆ ಅಪ್ಪನ ಜೊತೆ ಹೋದರೆ ಗುಂಡು ಚುಕ್ಕೆಯಿಂದ ಎರಡು ಬೆರಳು ಆಚೆ ನಿಂತಿತ್ತು. ಗಾಳಿ ಇರಲಿಲ್ಲ.

ಮೇಷ್ಟ್ರು ಮಂಡಿಯೂರಿ ಬಹಳ ಹೊತ್ತು ನೋಡಿದರು. “ಎಳೆತ ಬದ್ಲಾಗಿಲ್ಲ. ಮನೆ ವಾಲೈತೆ. ಗುಡ್ಡ ಜಾರ್ತಾ ಐತೆ. ಎಲ್ರನ್ನೂ ಕಾಫಿ ಸ್ಟೋರಿಗೆ ಕಳ್ಸಿ.”

“ಇಪ್ಪತ್ತು ಮಳೆಗಾಲ ಕಂಡೈತೆ ಈ ಲೈನು. ಸುಮ್ನಿರಿ ಮಾರಾಯ್ರೇ,” ಎಂದರು ಅಪ್ಪ.

ಮೇಷ್ಟ್ರು ತಾವೇ ಒಂದೊಂದು ಬಾಗಿಲನ್ನೂ ಬಡಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ದಿಬ್ಬದ ಆಚೆಯ ಕಾಫಿ ಸ್ಟೋರು ಸೇರಿದ್ದರು, ಲೈನಿನ ಕೊನೆಯ ಮನೆಯ ಕೆಂಚಮ್ಮಜ್ಜಿ ಒಬ್ಬಳನ್ನು ಬಿಟ್ಟು. “ನೀನಿಲ್ಲೇ ಇರು, ಕರ್ಕೊಂಡ್ ಬರ್ತೀನಿ,” ಎಂದು ಮೇಷ್ಟ್ರು ಮತ್ತೆ ಇಳಿದರು.

ಅವರು ಮರೆಯಾದ ಸ್ವಲ್ಪ ಹೊತ್ತಿಗೆ ಅಜ್ಜಿ ಬೇರೊಂದು ಕಾಲುದಾರಿಯಲ್ಲಿ, ಕೋಳಿ ಅವುಚಿಕೊಂಡು ಹತ್ತಿ ಬಂದಳು. ನಾನು ಕೂಗುತ್ತಾ ಕೆಳಗೆ ಓಡಿದೆ. ಅಪ್ಪ ತೋಳು ಹಿಡಿದು ಎಳೆದರು. ಕೆಳಗೆ ಸಿಲ್ವರ್ ಓಕ್ ಮರಗಳು ನಿಂತ ಹಾಗೆಯೇ ನಡೆಯತೊಡಗಿದವು. ಆಮೇಲೆ ಅಲ್ಲಿ ಲೈನು ಇರಲಿಲ್ಲ.

ಮೂರನೆಯ ದಿನ ಮಣ್ಣಿನಡಿಯಲ್ಲಿ ಮೇಷ್ಟ್ರು ಸಿಕ್ಕರು. ಅಪ್ಪ ಅಂದಿನಿಂದ ಆ ಇಳಿಜಾರಿನ ಕಡೆ ಮುಖ ಹಾಕಿಲ್ಲ.

ಕೆಂಚಮ್ಮಜ್ಜಿ ಸಿಕ್ಕಾಗಲೆಲ್ಲ ಒಂದೇ ಮಾತು ಕೇಳುತ್ತಾಳೆ: “ಮೇಷ್ಟ್ರು ನನ್ನ ಹುಡುಕ್ಕೊಂಡೇ ಹೋಗಿದ್ರೇನವ್ವಾ?”

“ಇಲ್ಲಜ್ಜಿ, ಏನೋ ಸಾಮಾನು ಮರ್ತಿದ್ರು, ತರಕ್ಕೆ ಹೋದ್ರು,” ಎನ್ನುತ್ತೇನೆ.

‘ಕೆಂಚಮ್ಮಾ’ ಎಂಬ ಅವರ ಕೂಗು ನನಗೆ ಕೊನೆಯವರೆಗೂ ಕೇಳಿಸಿತ್ತು.