ನೋಟಿಸಿನ ಮೇಲಿನ ಕ್ಯಾಲೆಂಡರ್

ಸೆಕ್ಟರ್ ಫೈವ್‌ನ ಒಂದು ಕಚೇರಿಯಲ್ಲಿ ಗುಲಾಬಿ ರಿಸೆಪ್ಷನಿಸ್ಟ್. ಕೆಲಸ ಕೇಳಿ ಬಂದವರು ಕೂರುವಲ್ಲಿ, ಲೈಂಗಿಕ ಕಿರುಕುಳದ ದೂರು ಯಾರಿಗೆ ಕೊಡಬೇಕೆಂಬ ನೋಟಿಸ್ ತೂಗುತ್ತಿತ್ತು. ಗೋಡೆಗಿದ್ದದ್ದು ಅದೊಂದೇ ಮೊಳೆ. ಊರಿಂದ ತಂದ ದುರ್ಗಾಪರಮೇಶ್ವರಿಯ ಕ್ಯಾಲೆಂಡರನ್ನು ಜನವರಿಯಲ್ಲಿ ಅವರು ಅದೇ ಮೊಳೆಗೆ, ನೋಟಿಸಿನ ಮೇಲೆಯೇ ತೂಗುಹಾಕಿ, ದಿನವೂ ಕೈಮುಗಿಯುತ್ತಿದ್ದರು.

ಫೆಬ್ರವರಿಯಲ್ಲಿ ನೆರೆಮನೆಯ ದೀಕ್ಷಿತಾ ಅಲ್ಲಿಗೆ ಸಂದರ್ಶನಕ್ಕೆ ಬಂದಳು. ಮುಗಿಸಿ ಹೊರಬಂದವಳು ಗುಲಾಬಿಯ ಮೇಜು ದಾಟಿ ನೇರ ಹೊರಟುಹೋದಳು. ಒಳಗೆ ಮ್ಯಾನೇಜರ್ ಮೈಮುಟ್ಟಿದ್ದನೆಂದು ಅವಳು ಗುಲಾಬಿಯ ಬಳಿ ಬಾಯಿಬಿಟ್ಟದ್ದು ಅಕ್ಟೋಬರಿನಲ್ಲಿ, ದುರ್ಗಾಪೂಜೆಯ ಪಂಡಾಲಿನಲ್ಲಿ.

"ಆಗ್ಲೇ ಹೇಳ್ಬಾರ್ದಿತ್ತಾ ಮಗಾ?"

"ಯಾರ ಹತ್ರ ಆಂಟಿ? ಒಂದು ಗಂಟೆ ಅಲ್ಲೇ ಕೂತಿದ್ದೆ. ಗೋಡೆಯಲ್ಲಿ ದೇವರು ಮಾತ್ರ ಇದ್ದದ್ದು."

ಪೂಜೆಯ ರಜೆ ಮುಗಿದ ದಿನ ಗುಲಾಬಿ ಕ್ಯಾಲೆಂಡರ್ ಎತ್ತಿ ನೋಟಿಸ್ ಓದಿದರು. ದೂರು ಕೊಡಲು ಮೂರು ತಿಂಗಳ ಗಡುವು, ತಡವಾದರೆ ಹೆಚ್ಚೆಂದರೆ ಆರು. ಎಂಟು ಕಳೆದಿತ್ತು. ದೇವಿಯನ್ನು ಮೊಳೆಯಿಂದ ಇಳಿಸಿದರು. ಅಂದು ಕೈಮುಗಿಯಲಾಗಲಿಲ್ಲ.