ಆಟದಲ್ಲಿ ಸೋತ ಚಕ್ರಗಳು

ನಾನು ಪೇಟೆಯಿಂದ ಅಂಟು ತಂದು ಪಡಸಾಲೆಗೆ ಕಾಲಿಟ್ಟಾಗ, ಪಕ್ಕದ ಮನೆಯ ಕೆಂಪಮ್ಮಜ್ಜಿ ನನ್ನ ರೈಲು ಎಂಜಿನ್ನಿನ ಚಕ್ರಗಳನ್ನು ತಮ್ಮ ಎಲೆಯಡಿಕೆ ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು. ಎದುರಿಗೆ ನಮ್ಮಜ್ಜಿ ಸೋತ ಮುಖ ಮಾಡಿಕೊಂಡು ಕುಳಿತಿದ್ದರು.

ಹೊಳೆನರಸೀಪುರಕ್ಕೆ ಬರುವ ಉಗಿ ಎಂಜಿನ್ನನ್ನು ನಾನು ಮರದಲ್ಲಿ ಗೇಣುದ್ದಕ್ಕೆ ಮಾಡುತ್ತಿದ್ದೆ. ಮರುದಿನ ಅದು ಶಾಲೆಯ ವಸ್ತುಪ್ರದರ್ಶನಕ್ಕೆ ಹೋಗಬೇಕಿತ್ತು. ಚಕ್ರ, ಮೊಳೆ, ಹಿತ್ತಾಳೆ ಉಂಗುರ ಯಾವುದೂ ಕಳೆಯಬಾರದೆಂದು ಅಜ್ಜಿಯ ಅಳಗುಳಿ ಮಣೆಯ ಒಂದೊಂದು ಗುಳಿಯಲ್ಲಿ ಒಂದೊಂದು ಬಗೆಯನ್ನು ಎಣಿಸಿ ಇಟ್ಟಿದ್ದೆ. ಹುಣಸೆ ಬೀಜದ ಬದಲು ಮೊಮ್ಮಗ ಹೊಸ ಕಾಯಿ ತುಂಬಿಸಿದ್ದಾನೆಂದು ಹಿಗ್ಗಿದ ಅಜ್ಜಿ, ಗೆಳತಿಯನ್ನು ಆಟಕ್ಕೆ ಕರೆದಿದ್ದರು.

“ಕೊಟ್ಬುಡಿ ಅಜ್ಜಿ, ಅವು ಆಟದ ಕಾಯಲ್ಲ” ಎಂದು ಕೆಂಪಮ್ಮಜ್ಜಿಯನ್ನು ಬೇಡಿದೆ.

“ಸೋತೋರ ಮನೇಲಿ ಎಲ್ರೂ ಅಂಗೇ ಅನ್ನಾದು ಕಣ್ಲಾ. ಬೇಕಾದ್ರೆ ಕೂತ್ಕೊ, ಆಡಿ ಗೆದ್ಕೊ!”

ಕುಳಿತೆ. ಮಣೆಯಲ್ಲಿ ಉಳಿದಿದ್ದ ಮೊಳೆ, ಉಂಗುರಗಳನ್ನೂ ಸೋತೆ. ಕೆಂಪಮ್ಮಜ್ಜಿ ಎದ್ದು ಹೋದ ಮೇಲೆ ನಮ್ಮಜ್ಜಿ ನನ್ನ ಕೈಗೆ ಒಂದು ಹಿಡಿ ಹುಣಸೆ ಬೀಜ ಸುರಿದು, “ಅಳ್ಬ್ಯಾಡ ಕಣ್ಲಾ, ಇವೂ ಗುಂಡುಗೇ ಅವೆ” ಎಂದರು. ಬೇರೆ ದಾರಿಯಿರಲಿಲ್ಲ. ನನ್ನ ಎಂಜಿನ್ನು ಹುಣಸೆ ಬೀಜದ ಚಕ್ರಗಳ ಮೇಲೆ ಪ್ರದರ್ಶನಕ್ಕೆ ಹೋಯಿತು.

ಎಂಜಿನ್ನಿನ ಕೆಲಸವನ್ನು ದಿನಾ ಬರೆದಿಡುತ್ತಿದ್ದ ದಿನಚರಿಯಲ್ಲಿ ‘ಕಳೆದುಹೋದ ಭಾಗಗಳು’ ಎಂಬಲ್ಲಿ ಅಂದು ಸೊನ್ನೆಯನ್ನೇ ಬರೆದೆ. ಅದರಲ್ಲಿ ಸುಳ್ಳೇನಿಲ್ಲ. ಪ್ರತಿಯೊಂದು ಮೊಳೆಯೂ ಎಲ್ಲಿದೆಯೆಂದು ನನಗೆ ಇವತ್ತಿಗೂ ಗೊತ್ತು: ಕೆಂಪಮ್ಮಜ್ಜಿಯ ಎಲೆಯಡಿಕೆ ಚೀಲದಲ್ಲಿ.