ವಿಭೂತಿ ತಿಂದ ಜಾಯ್‌ಸ್ಟಿಕ್

ಸ್ಪಿರಿಟ್ಟಿನ ವಾಸನೆ ಬಂದರೆ ನಿಮಗೆ ದವಾಖಾನೆ ನೆನಪಾಗಬಹುದು. ನನಗೆ ವಿಮಾನ ನೆನಪಾಗುತ್ತದೆ. ಈಗಷ್ಟೇ ಉದಗೀರದ ನನ್ನ ಕೋಣೆಯಲ್ಲಿ ಹತ್ತಿಗೆ ಸ್ಪಿರಿಟ್ ಹನಿಸಿಕೊಂಡು ಹಳೆಯ ಜಾಯ್‌ಸ್ಟಿಕ್ ಬಿಚ್ಚಲು ಕುಳಿತಿದ್ದೆ. ಪಕ್ಕದ ಪೊಟ್ಟಣದಲ್ಲಿ ಹೊಸ ಬಿಡಿಭಾಗ ಇದೆ. ಕೂರಿಸಿದರೆ ಆಟದ ವಿಮಾನ ಎಡಕ್ಕೆ ಎಳೆಯುವುದು ನಿಲ್ಲುತ್ತದಂತೆ. ಆದರೆ ಸ್ಕ್ರೂ ತಿರುಗಿಸುವ ಮೊದಲೇ ಕೈ ತಡೆಯಿತು. ಯಾಕೆ ಅಂತ ಹೇಳುತ್ತೇನೆ, ಕೂತುಕೊಳ್ಳಿ.

ಆಗ ಬರಗಾಲ. ಉಮರ್ಗಾದ ನಮ್ಮ ಮನೆಯಲ್ಲಿ ಆಯಿ, ಅಂದರೆ ನನ್ನ ಅಜ್ಜಿ, ಪಾತ್ರೆಗಳನ್ನು ನೀರು ಮುಟ್ಟಿಸದೆ ಬೂದಿ ಹಾಕಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದಳು. ಮನೆಯಲ್ಲಿ ಧಾರಾಳವಾಗಿದ್ದದ್ದು ಧೂಳು ಒಂದೇ.

ಆ ದಿನಗಳಲ್ಲೇ ಮುತ್ಯಾನಿಗೆ, ನನ್ನ ಅಜ್ಜನಿಗೆ, ಲಕ್ವಾ ಹೊಡೆದು ಬಲಗೈ ಸೋತಿತು. ಅವರು ಅಯ್ಯನವರು. ಬಸ್ಸು ಹತ್ತಿ ತುರೋರಿ, ಯೆಣೆಗೂರ, ನಿಲಂಗಾ ಎಂದು ಭಕ್ತರ ಮನೆಗಳಿಗೆ ಹೋಗಿ ಪೂಜೆ ಮಾಡಿಸಿ, ಕಂಡ ಕೂಸುಗಳ ಹಣೆಗೆಲ್ಲ ವಿಭೂತಿ ಹಚ್ಚಿದ ಕೈ ಅದು. ಈಗ ಅವರ ಹಣೆಗೇ ಆಯಿ ಹಚ್ಚಬೇಕಾಯಿತು. ಆಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಭಕ್ತಿಯಿಂದಲ್ಲ ಎನ್ನುವುದು ನನಗೂ ತಿಳಿಯುತ್ತಿತ್ತು.

ಡಾಕ್ಟರು ಹಿಚುಕಲು ರಬ್ಬರ್ ಚೆಂಡು ಕೊಟ್ಟಿದ್ದರು. "ನಾ ಏನು ಕೂಸೇನು?" ಎಂದು ಮುತ್ಯಾ ಅದನ್ನು ಮೂಲೆಗೆ ಉರುಳಿಸಿದರು. ಆಗ ನಾನು, ಕಾಕಾ ಪುಣೆಯಿಂದ ತಂದುಕೊಟ್ಟಿದ್ದ, ಮುಷ್ಟಿಯಲ್ಲಿ ಹಿಡಿದು ವಾಲಿಸುವ ಜಾಯ್‌ಸ್ಟಿಕ್ ಅವರ ಮುಂದಿಟ್ಟು, ಕಂಪ್ಯೂಟರಿನಲ್ಲಿ ವಿಮಾನದ ಆಟ ಹಚ್ಚಿದೆ. ಆ ಆಟದಲ್ಲಿ ನಮ್ಮ ಊರುಗಳೇ ಇಲ್ಲ. ಬರೀ ಕಂದು ಬಯಲು. ಮುತ್ಯಾ ಒಪ್ಪಲಿಲ್ಲ.

"ಯಾಕಿಲ್ಲ? ಈ ವರ್ಷ ಎಲ್ಲಾ ಊರೂ ಹಿಂಗೇ ಕಾಣ್ತಾವ. ಅಕಾ ನೋಡು, ತುರೋರಿ ಬಂತು."

ಎಂದವರೇ ಎಡಗೈ ಎತ್ತಿ ಆಕಾಶದಿಂದ ಆಶೀರ್ವಾದ ಮಾಡಿದರು. ಅಡುಗೆಮನೆಯಿಂದ ಆಯಿ, "ಮ್ಯಾಲಿಂದ ಮ್ಯಾಲೇ ಹೋದ್ರ ಊಟಕ್ಕ ಯಾರು ಕರೀತಾರ್ರೀ?" ಎಂದಳು.

ದಿನಾ ಹಾರಿದರು. ಬೆರಳಿಗೆ ಹಿಡಿತ ಬಂತು. ಒಂದು ಬೆಳಿಗ್ಗೆ ತಾವೇ ವಿಭೂತಿ ಎಳೆದುಕೊಂಡರು. ಮೂರು ಗೆರೆಯೂ ಗಾಳಿಗೆ ಸಿಕ್ಕ ಹಾಗೆ ವಾರೆ. ಆಯಿ ಸರಿಪಡಿಸಲು ಹೋದರೆ ಮುಖ ತಿರುಗಿಸಿಕೊಂಡರು.

ಇಷ್ಟರಲ್ಲಿ ಧೂಳು ಹೊಕ್ಕು ಜಾಯ್‌ಸ್ಟಿಕ್ ಕೊಂಚ ಬಿಗಿಯಾಯಿತು. ನಾಲ್ಕಾರು ವಿಡಿಯೋ ನೋಡಿದ್ದ ನಾನು ಆಗಲೇ ಇಂಜಿನಿಯರ್ ಆಗಿಬಿಟ್ಟಿದ್ದೆ. ಬಿಚ್ಚಿದೆ. ಸ್ಪ್ರಿಂಗ್ ಹಾರಿ ಜೋಳದ ಚೀಲದ ಹಿಂದೆ ಬಿತ್ತು, ಹುಡುಕಿ ತಂದೆ. ಒಳಗೆ, ರೇಡಿಯೋದ ಸದ್ದು ಏರಿಸುವ ತಿರುಗಣಿಯಲ್ಲಿ ಇರುತ್ತದಲ್ಲ, ಅಂಥದೇ ಒಂದು ಕಪ್ಪು ಪಟ್ಟಿ, ಅದರ ಮೇಲೆ ಸರಿಯುವ ಪುಟ್ಟ ತಗಡು.

"ಕರ್ರಗ ಆಗ್ಯಾದ್ರೀ ಮುತ್ಯಾ."

ಮುತ್ಯಾ ತಮ್ಮ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ಎತ್ತಿ ತೋರಿಸಿದರು. "ಇದು ಕರ್ರಗಾದ್ರ ಏನು ಮಾಡ್ತೀವಿ? ವಿಭೂತಿ ಹಾಕಿ ತಿಕ್ಕು, ಯವ್ವಾ."

ಬೋಗುಣಿಯಿಂದ ಕರಡಿಗೆಯವರೆಗೆ ಎಲ್ಲವೂ ಬೂದಿಯಲ್ಲೇ ಹೊಳೆಯುವ ಮನೆ ನಮ್ಮದು. ಇಬ್ಬರಿಗೂ ಸಂಶಯವೇ ಬರಲಿಲ್ಲ. ತಿಕ್ಕಿದೆ, ಹೊಳೆಯಿತು. ಜೋಡಿಸಿದೆ; ಒಂದು ಸ್ಕ್ರೂ ಉಳಿಯಿತು.

ಮುತ್ಯಾ ಹಾರಿಸಿದರು. ವಿಮಾನ ನಡುಗಿ, ಹೊರಳಿ, ನೆಲಕ್ಕೆ ಬಿತ್ತು. ಮತ್ತೆ ಹಾರಿಸಿದರು, ಮತ್ತೆ ಬಿತ್ತು. ಅವರು ಬಲಗೈಯನ್ನು ಮಡಿಲಲ್ಲಿಟ್ಟು ಎಡಗೈಯಿಂದ ಮುಚ್ಚಿದರು.

"ಬಸ್ ಝಾಲಂ, ಮುಗೀತು. ಕೈ ಮತ್ತ ಹೋತು."

ನಾನು ಹಾರಿಸಿದೆ, ನನ್ನದೂ ಬಿತ್ತು. "ನನ್ನ ಸಮಾಧಾನಕ್ಕ ಬೀಳಸಬ್ಯಾಡ," ಎಂದು ಎದ್ದುಹೋದರು. ಮರುದಿನ ಬೆಳಿಗ್ಗೆ ಆಯಿಯ ಮುಂದೆ ಕೂತು, ಕಣ್ಣು ಮುಚ್ಚಿ ಹಣೆ ಚಾಚಿದರು.

ಸ್ವಂತ ರಿಪೇರಿಯ ಅಪಾಯಗಳ ಬಗ್ಗೆ ಆಮೇಲೆ ಬೇಕಾದಷ್ಟು ಓದಿದ್ದೇನೆ. ಬೆರಳು ಸುಡುತ್ತದೆ, ತಂತಿ ಕಿತ್ತುಬರುತ್ತದೆ, ವಾರಂಟಿ ಹೋಗುತ್ತದೆ. ಸಾಮಾನು ಕೆಟ್ಟರೆ ಹಿಡಿದವರು ತಾವೇ ಕೆಟ್ಟೆವೆಂದು ತಿಳಿದುಬಿಡಬಹುದು ಅಂತ ಮಾತ್ರ ಯಾರೂ ಬರೆದಿಲ್ಲ.

ಅಂದೇ ಸಂಜೆ ಮುತ್ಯಾನನ್ನು ಕಾಡಿ ಬೇಡಿ ಕೂರಿಸಿದೆ. ವಿಮಾನ ಮೇಲೇರಿಸಿ, ಜಾಯ್‌ಸ್ಟಿಕ್ ಮಣೆಯ ಮೇಲಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ದೂರ ನಿಂತೆ. "ಯಾರೂ ಹಿಡಿದಿಲ್ಲ, ನೋಡ್ರೀ."

ತೆರೆಯ ಮೇಲೆ ವಿಮಾನ ತಾನೇ ನಡುಗಿತು. ಮುತ್ಯಾ ಬಗ್ಗಿ ವಿಮಾನ ನೋಡಿದರು, ಮಣೆ ನೋಡಿದರು, ಮತ್ತೆ ವಿಮಾನ ನೋಡಿದರು.

"ಹಂಗಾರ ಲಕ್ವಾ ಇದಕ್ಕ ಹೊಡದದ!"

"ಕಾಯ್ ಝಾಲಂ? ಏನಾತು? ಯಾರಿಗಿ ಹೊಡೀತ್ರೀ?" ಆಯಿ ಸೌಟು ಹಿಡಿದೇ ಓಡಿ ಬಂದಳು.

"ವಿಮಾನಕ್ಕ! ವಿಭೂತಿ ಹಚ್ಚಿಕೊಳ್ಳಂದ್ರ ತಿಂದು ಕುಂತದ."

ಅವರ ಇಂಜೆಕ್ಷನ್ನಿಗೆ ತಂದಿದ್ದ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಬೂದಿ ತೆಗೆಯುತ್ತಿದ್ದಾಗ ಒಂದು ಸ್ಕ್ರೂ ನೆಲದ ಫರಸಿಯ ಮೇಲೆ ಉರುಳಿತು. ನಾನು ಬಗ್ಗುವ ಮೊದಲೇ ಮುತ್ಯಾ ಬಲಗೈ ಚಾಚಿದ್ದರು. ಸ್ಕ್ರೂ ಜಾರಿತು. ಇನ್ನೊಮ್ಮೆ ಜಾರಿತು. ನಾನು ಹತ್ತಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಯಿ ಸೌಟು ಇಳಿಸಲಿಲ್ಲ. ಕೊನೆಗೆ ಹೆಬ್ಬೆರಳು ತೋರುಬೆರಳ ನಡುವೆ ಸ್ಕ್ರೂ ಮೇಲೆ ಬಂತು.

"ತಗೋ. ಇದು ಎಲ್ಲೀದು?"

"ಗೊತ್ತಿಲ್ರೀ."

"ಭಲೇ ಇಂಜಿನಿಯರ್!"

ತಿಕ್ಕಿದಾಗ ಪಟ್ಟಿಗೆ ಬಿದ್ದ ಗೀರು ಮಾತ್ರ ಹೋಗಲಿಲ್ಲ. ಅಂದಿನಿಂದ ವಿಮಾನ ಎಡಕ್ಕೆ ಎಳೆಯುತ್ತದೆ. ಮುತ್ಯಾ ಕೊಂಚ ಬಲಕ್ಕೆ ಒತ್ತಿ ಹಿಡಿಯಲು ಕಲಿತರು. ಅವರನ್ನು ನೋಡಿ ನಾನೂ. ಹೊಸ ಭಾಗ ಕೂರಿಸಿದರೆ ಇದು ನೆಟ್ಟಗಾಗುತ್ತದೆ, ರೂಢಿ ಬಿಡದ ನಮ್ಮಿಬ್ಬರ ಕೈಗಳು ಬಲಕ್ಕೇ ಹೋಗುತ್ತವೆ.

ಫೋನು ಮಾಡಿದೆ. "ಮುತ್ಯಾ, ಜಾಯ್‌ಸ್ಟಿಕ್ ಬಿಚ್ಚಲಾಕ ಕುಂತೀನಿ."

"ತಡಿ ತಡಿ, ಒಬ್ಬಾಕೀನೇ ಬಿಚ್ಚಬ್ಯಾಡ. ಬಿದ್ದ ಸ್ಕ್ರೂ ಯಾರು ಎತ್ತಿ ಕೊಡಬೇಕು?"

ಸ್ಪಿರಿಟ್ ಬಾಟಲಿಗೆ ಬಿರಡೆ ಹಾಕಿದೆ. ಜಾಯ್‌ಸ್ಟಿಕ್, ಪೊಟ್ಟಣ ಎರಡೂ ಚೀಲಕ್ಕೆ ಸೇರಿವೆ. ಉಮರ್ಗಾದ ಬಸ್ಸಿಗೆ ಇನ್ನೂ ಹೊತ್ತಿದೆ.